ಉಸಿರು ಕೇಳಿದಷ್ಟೇ ಕೊಡುವ ಯಂತ್ರ: ಸ್ಕೂಬಾ ರೆಗ್ಯುಲೇಟರ್ ಬಳಸೋದು ಹೇಗೆ, ಹೊಂದಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ತೆರೆಗೆ ಬಂದ ಮೇಲೆ ನೇತ್ರಾಣಿ ಅನ್ನೋ ಹೆಸರು ನಮ್ಮಲ್ಲಿ ಬಹಳ ಜನರ ಬಾಯಿಗೆ ಬಂತು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕಾದ ಸಣ್ಣ ದ್ವೀಪ ಅದು. ಮಳೆಗಾಲ ಮುಗಿದು ಕಡಲು ತಿಳಿಯಾಯ್ತು ಅಂದರೆ ಸಾಕು, ಬೆಂಗಳೂರಿಂದ, ಹುಬ್ಬಳ್ಳಿಯಿಂದ, ಮೈಸೂರಿಂದ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಬರ್ತಾರೆ. ಈಜು ಬರದವರೂ ತರಬೇತುದಾರರ ಕೈ ಹಿಡಿದು ನೀರಿನ ಅಡಿಗೆ ಇಳೀತಾರೆ. ಮೀನು ನೋಡ್ತಾರೆ, ವಿಡಿಯೊ ಹಾಕ್ತಾರೆ. ಎಲ್ಲ ಸರಿ. ಆದರೆ ಅಷ್ಟು ಹೊತ್ತೂ ಅವರ ಜೀವ ಕಾದ ಉಪಕರಣ ಯಾವುದು ಅಂತ ಕೇಳಿದರೆ ಹೆಚ್ಚಿನವರು ಹೇಳೋದು, ‘ಬೆನ್ನ ಮೇಲಿದ್ದ ಆಕ್ಸಿಜನ್ ಸಿಲಿಂಡರ್.’

ಈ ಉತ್ತರದಲ್ಲಿ ಎರಡು ತಪ್ಪಿವೆ. ಒಂದು, ಆ ಸಿಲಿಂಡರ್‌ನಲ್ಲಿ ಇರೋದು ಬರೀ ಆಕ್ಸಿಜನ್ ಅಲ್ಲ. ನಾವು ನೀವು ಈಗ ಉಸಿರಾಡ್ತಿರುವ ಇದೇ ಗಾಳಿ. ಸೋಸಿ, ಒಣಗಿಸಿ, ಒತ್ತಿ ತುಂಬಿದ್ದು, ಅಷ್ಟೇ. ಎರಡು, ಸಿಲಿಂಡರ್ ಒಂದೇ ಇದ್ದರೆ ಅದರಿಂದ ಒಂದು ಉಸಿರನ್ನೂ ಎಳೆದುಕೊಳ್ಳೋಕೆ ಆಗಲ್ಲ. ಆ ಗಾಳಿಯನ್ನು ಉಸಿರಾಡುವಂತೆ ಮಾಡೋದು ನಿಮ್ಮ ಬಾಯಲ್ಲಿರುವ, ಮುಷ್ಟಿಯಷ್ಟು ದೊಡ್ಡ ಸಾಧನ. ಅದೇ ರೆಗ್ಯುಲೇಟರ್. ಇವತ್ತಿನ ಸಂಚಿಕೆ ಅದರ ಬಗ್ಗೆ.

ಯಾಕೆ ಅದರ ಬಗ್ಗೆಯೇ? ಮೊದಲ ಸಲ ಇಳಿಯುವವರಲ್ಲಿ ನಾನು ಮತ್ತೆ ಮತ್ತೆ ನೋಡಿರೋದು ಒಂದೇ ದೃಶ್ಯ. ಮೂರು ನಾಲ್ಕು ಮೀಟರ್ ಇಳಿದಿರ್ತಾರೆ. ಇದ್ದಕ್ಕಿದ್ದ ಹಾಗೆ ಕಣ್ಣು ದೊಡ್ಡದಾಗುತ್ತೆ. ಕೈ ಸೀದಾ ಬಾಯಿಗೆ ಹೋಗುತ್ತೆ, ರೆಗ್ಯುಲೇಟರನ್ನು ಕಿತ್ತು ಹಾಕೋಕೆ. ಉಸಿರು ಕೊಡ್ತಿರುವ ವಸ್ತುವನ್ನೇ ಉಸಿರು ಕಟ್ಟಿಸ್ತಿದೆ ಅಂತ ದೇಹ ನಂಬಿಬಿಟ್ಟಿರುತ್ತೆ. ಪಕ್ಕದಲ್ಲಿ ತರಬೇತುದಾರರು ಇರ್ತಾರೆ, ಹಿಡ್ಕೊಳ್ತಾರೆ, ಸರಿಹೋಗುತ್ತೆ. ಆದರೆ ಈ ಯಂತ್ರ ಒಳಗೆ ಏನು ಮಾಡ್ತಿದೆ ಅನ್ನೋದು ಮೊದಲೇ ಗೊತ್ತಿದ್ದರೆ ಕೈ ಅಷ್ಟು ಸುಲಭಕ್ಕೆ ಬಾಯಿಗೆ ಹೋಗಲ್ಲ. ಇವತ್ತು ನಾನು ಹೇಳಬೇಕಿರೋದು ಅದೇ.

ಬರೀ ಪೈಪ್ ಸಾಲದೇ?

ಹಳ್ಳಿ ಕಡೆ ಬಾವಿಯಲ್ಲೋ ಕೆರೆಯಲ್ಲೋ ಈಜಿದವರಿಗೆ ಈ ಆಟ ಗೊತ್ತಿರುತ್ತೆ. ಪರಂಗಿ ಎಲೆಯ ದಂಟು ಟೊಳ್ಳು ಇರುತ್ತಲ್ಲ, ಅದರ ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ನೀರಿನ ಮೇಲೆ. ಮುಖ ಮುಳುಗಿಸಿದರೆ ಉಸಿರಾಟ ಸಲೀಸು. ಹಾಗಾದರೆ ಎರಡು ಮೀಟರ್ ಉದ್ದದ ಪೈಪ್ ತಂದು ಎರಡು ಮೀಟರ್ ಆಳಕ್ಕೆ ಹೋಗಬಹುದಲ್ಲ?

ಆಗಲ್ಲ. ಪೈಪಿನ ಉದ್ದ ಎಷ್ಟಾದರೂ ಮಾಡಬಹುದು. ತೊಂದರೆ ಇರೋದು ನಿಮ್ಮ ಎದೆಗೂಡಿನಲ್ಲಿ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು 1 ಬಾರ್ ಹೆಚ್ಚುತ್ತೆ. 1 ಬಾರ್ ಅಂದರೆ ಹೆಚ್ಚುಕಡಿಮೆ ನೆಲದ ಮೇಲೆ ನಮ್ಮ ಸುತ್ತ ಇರುವ ಗಾಳಿಯ ಒತ್ತಡ. ಅಂದರೆ 10 ಮೀಟರ್ ಆಳದಲ್ಲಿ ಒಟ್ಟು 2 ಬಾರ್, 20 ಮೀಟರ್‌ನಲ್ಲಿ 3 ಬಾರ್. ನೀರು ಎದೆಯನ್ನು ಹೊರಗಿನಿಂದ ಒತ್ತುತ್ತಿರುವಾಗ, ಪೈಪ್ ಮೂಲಕ ಬರೋ ಗಾಳಿ ಮಾತ್ರ ಮೇಲಿನ 1 ಬಾರ್‌ನಲ್ಲೇ ಇರುತ್ತೆ. ಒಂದು ಮೀಟರ್ ಆಳದಲ್ಲೇ ಎದೆ ಅರಳಿಸೋದು ಭಾರಿ ಕಷ್ಟ. ಅದಕ್ಕೇ ಸ್ನಾರ್ಕೆಲ್ ಪೈಪುಗಳು ಅಷ್ಟು ಗಿಡ್ಡ.

ಹಾಗಾಗಿ ನೀರಿನ ಅಡಿಯಲ್ಲಿ ಉಸಿರಾಡಬೇಕು ಅಂದರೆ ಒಳಗೆ ಬರೋ ಗಾಳಿಯ ಒತ್ತಡ, ಆ ಕ್ಷಣದಲ್ಲಿ ನೀವಿರುವ ಆಳದ ನೀರಿನ ಒತ್ತಡಕ್ಕೆ ಸಮ ಇರಬೇಕು. ಕಮ್ಮಿ ಆದರೆ ಎಳೆಯೋಕಾಗಲ್ಲ, ಜಾಸ್ತಿ ಆದರೆ ಗಾಳಿ ಬಾಯೊಳಗೆ ನುಗ್ಗುತ್ತೆ. ನೀವು ಒಂದು ಮೀಟರ್ ಇಳಿದರೂ ಏರಿದರೂ ಅದು ತಕ್ಷಣ ಬದಲಾಗಬೇಕು. ರೆಗ್ಯುಲೇಟರ್ ಮಾಡೋ ಕೆಲಸ ಇದೊಂದೇ.

ಇಂಥ ಯಂತ್ರದ ಕಲ್ಪನೆ ಹಳೇದು. 1860ರ ದಶಕದಲ್ಲೇ ಫ್ರಾನ್ಸ್‌ನ ಬೆನುವಾ ರುಕೆರೋಲ್ ಅನ್ನೋ ಗಣಿ ಎಂಜಿನಿಯರ್, ಉಸಿರು ಎಳೆದಾಗ ಮಾತ್ರ ಗಾಳಿ ಬಿಡುವ ವಾಲ್ವ್ ಮಾಡಿದ್ದರು. ಇವತ್ತಿನ ರೂಪಕ್ಕೆ ಹತ್ತಿರದ್ದು ಬಂದಿದ್ದು 1943ರಲ್ಲಿ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಮಾಡಿದ ಆಕ್ವಾ-ಲಂಗ್ ಅದು. ಯುದ್ಧದ ಕಾಲ, ಪೆಟ್ರೋಲ್ ಸಿಗ್ತಿರಲಿಲ್ಲ. ಕಾರುಗಳನ್ನು ಗ್ಯಾಸ್‌ನಿಂದ ಓಡಿಸೋಕೆ ಗಾನ್ಯಾನ್ ಒಂದು ವಾಲ್ವ್ ತಯಾರಿಸಿದ್ದರು. ಎಂಜಿನ್ ಎಳೆದಷ್ಟೇ ಗ್ಯಾಸ್ ಕೊಡುವ ಆ ವಾಲ್ವನ್ನೇ ಮನುಷ್ಯನ ಶ್ವಾಸಕೋಶಕ್ಕೆ ಹೊಂದಿಸಿದರು. ಎಂಜಿನ್ ಎಳೆದರೂ ಒಂದೇ, ಎದೆ ಎಳೆದರೂ ಒಂದೇ.

ಎರಡು ಮೆಟ್ಟಿಲು

ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮೇಲೂ ಒಂದು ರೆಗ್ಯುಲೇಟರ್ ಇರುತ್ತಲ್ಲ? ಒಳಗಿನ ಹೆಚ್ಚಿನ ಒತ್ತಡವನ್ನು ಒಲೆಗೆ ಬೇಕಾದ ಮಟ್ಟಕ್ಕೆ ಇಳಿಸೋದು ಅದರ ಕೆಲಸ. ಸ್ಕೂಬಾದಲ್ಲೂ ಹಾಗೇ, ಆದರೆ ಇಲ್ಲಿ ಒತ್ತಡವನ್ನು ಎರಡು ಮೆಟ್ಟಿಲಲ್ಲಿ ಇಳಿಸ್ತಾರೆ.

ತುಂಬಿದ ಸ್ಕೂಬಾ ಟ್ಯಾಂಕ್‌ನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತೆ, ಪಿಎಸ್‌ಐ ಲೆಕ್ಕದಲ್ಲಿ 3000ದ ಹತ್ತಿರ. ಕಾರಿನ ಟೈರ್‌ಗೆ ನಾವು ಹಾಕಿಸೋದು 30, 32 ಪಿಎಸ್‌ಐ. ಅದರ ಸುಮಾರು ನೂರು ಪಟ್ಟು ಅಂತ ಇಟ್ಕೊಳ್ಳಿ.

ಮೊದಲ ಮೆಟ್ಟಿಲು ಟ್ಯಾಂಕ್‌ನ ಬಾಯಿಗೆ ಕೂರುವ ಲೋಹದ ಗಟ್ಟಿ ತುಂಡು, ಫಸ್ಟ್ ಸ್ಟೇಜ್. ಅದು 200 ಬಾರನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚು ಇರುವಷ್ಟಕ್ಕೆ ಇಳಿಸುತ್ತೆ. ಆ ಗಾಳಿ ರಬ್ಬರ್ ಹೋಸ್‌ನಲ್ಲಿ ಬಂದು ನಿಮ್ಮ ಬಾಯಿ ಹತ್ತಿರ ಕಾಯ್ತಾ ನಿಲ್ಲುತ್ತೆ.

ಎರಡನೇ ಮೆಟ್ಟಿಲು ಬಾಯಲ್ಲಿ ಕಚ್ಚಿಕೊಳ್ಳುವ ಭಾಗ, ಸೆಕೆಂಡ್ ಸ್ಟೇಜ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಸಣ್ಣ ಡಬ್ಬಿ ಊಹಿಸ್ಕೊಳ್ಳಿ. ಅದರ ಮುಂಭಾಗಕ್ಕೆ ಗೋಡೆಯ ಬದಲು ಮೆತ್ತಗಿನ ರಬ್ಬರ್ ಹಾಳೆ, ಅದೇ ಡಯಾಫ್ರಮ್. ಹಾಳೆಯ ಹೊರಗೆ ನೀರು, ಒಳಗೆ ಗಾಳಿ. ಒಳಬದಿಗೆ ತಾಗಿಕೊಂಡು ಒಂದು ಪುಟ್ಟ ಲಿವರ್, ಲಿವರಿನ ಇನ್ನೊಂದು ತುದಿಯಲ್ಲಿ ವಾಲ್ವ್. ನೀವು ಉಸಿರು ಎಳೆದಾಗ ಡಬ್ಬಿಯೊಳಗಿನ ಒತ್ತಡ ಚೂರು ಕಮ್ಮಿ ಆಗುತ್ತೆ. ಹೊರಗಿನ ನೀರು ಹಾಳೆಯನ್ನು ಒಳಕ್ಕೆ ತಳ್ಳುತ್ತೆ. ಹಾಳೆ ಲಿವರನ್ನು ಒತ್ತುತ್ತೆ, ವಾಲ್ವ್ ತೆರೆಯುತ್ತೆ, ಗಾಳಿ ಬರುತ್ತೆ. ಎಳೆಯೋದು ನಿಲ್ಲಿಸಿದಿರಿ, ಒಳಗೂ ಹೊರಗೂ ಒತ್ತಡ ಸಮ ಆಯ್ತು, ಹಾಳೆ ಹಿಂದಕ್ಕೆ ಬಂತು, ವಾಲ್ವ್ ಮುಚ್ಚಿತು. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೆನಪಿಸ್ಕೊಳ್ಳಿ. ನೀರು ಇಳಿದರೆ ಬಾಲ್ ಇಳಿದು ನಲ್ಲಿ ತೆರೆಯುತ್ತೆ, ತುಂಬಿದರೆ ತಾನೇ ಮುಚ್ಚುತ್ತೆ. ಇದೂ ಅದೇ ಜಾತಿ.

ಉಸಿರು ಬಿಟ್ಟಾಗ ಗಾಳಿ ಕೆಳಗಿರುವ ಇನ್ನೊಂದು ತೆಳು ರಬ್ಬರ್ ಮುಚ್ಚಳದ ಮೂಲಕ ಗುಳ್ಳೆಯಾಗಿ ಹೊರಗೆ ಹೋಗುತ್ತೆ. ಅದು ಒಮ್ಮುಖ ಬಾಗಿಲು. ಗಾಳಿ ಹೊರಗೆ ಹೋಗುತ್ತೆ, ನೀರು ಒಳಗೆ ಬರಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಈ ಯಂತ್ರದಲ್ಲಿ ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ, ಆ್ಯಪ್ ಇಲ್ಲ. ಅದಕ್ಕೆ ಗೊತ್ತಿರೋದು ಹಾಳೆಯ ಆಚೆ ಈಚೆಗಿನ ಒತ್ತಡದ ವ್ಯತ್ಯಾಸ ಮಾತ್ರ. ನೀವು ಉಸಿರು ಎಳೆದರೆ ಕೊಡುತ್ತೆ. ಎಳೆಯದಿದ್ದರೆ ಕೊಡಲ್ಲ. ಮುಂದೆ ನಾನು ಹೇಳೋದೆಲ್ಲ ಇದರಿಂದಲೇ ಹುಟ್ಟೋದು.

ನಾಬ್ ಮತ್ತು ಲಿವರ್

ಈಗ ಹೊಂದಿಸುವ ವಿಷಯ. ಬಾಡಿಗೆಗೆ ಸಿಗೋ ಸರಳ ರೆಗ್ಯುಲೇಟರ್‌ಗಳಲ್ಲಿ ಹೊರಗಿನಿಂದ ಹೊಂದಿಸುವಂಥದ್ದು ಏನೂ ಇಲ್ಲದಿರಬಹುದು. ಸ್ವಲ್ಪ ಮೇಲ್ದರ್ಜೆಯ ಸೆಕೆಂಡ್ ಸ್ಟೇಜ್‌ಗಳಲ್ಲಿ ಎರಡು ಇರುತ್ತವೆ.

ಮೊದಲನೆಯದು ಬದಿಯಲ್ಲಿರುವ ತಿರುಗಿಸುವ ನಾಬ್. ಬಹಳ ಜನ ಇದನ್ನು ಫ್ಯಾನಿನ ರೆಗ್ಯುಲೇಟರ್ ಥರ, ತಿರುಗಿಸಿದರೆ ಗಾಳಿ ಜಾಸ್ತಿ ಅಂದುಕೊಳ್ತಾರೆ. ಹಾಗಲ್ಲ. ವಾಲ್ವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್‌ನ ಬಿಗಿಯನ್ನು ಬದಲಿಸೋದು ಈ ನಾಬ್. ಅಂದರೆ ಎಷ್ಟು ಎಳೆದರೆ ಬಾಗಿಲು ತೆರೀಬೇಕು ಅನ್ನೋದು ಇಲ್ಲಿ ತೀರ್ಮಾನ ಆಗುತ್ತೆ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ, ಉಲ್ಟಾ ತಿರುಗಿಸಿದರೆ ಸಡಿಲ.

ಆ ಬಲ ಎಷ್ಟು? ಚೆನ್ನಾಗಿ ಹೊಂದಿಸಿದ ಸೆಕೆಂಡ್ ಸ್ಟೇಜ್ ತೆರೆಯೋಕೆ ಸುಮಾರು 3, 4 ಸೆಂಟಿಮೀಟರ್ ನೀರನ್ನು ಮೇಲೆತ್ತುವಷ್ಟು ಎಳೆತ ಸಾಕು. ಎಳನೀರಿನ ಬುರುಡೆಗೆ ಸ್ಟ್ರಾ ಹಾಕಿ ಹೀರ್ತೀವಲ್ಲ, ಆಗ ನೀರನ್ನು ಹತ್ತು ಹನ್ನೆರಡು ಸೆಂಟಿಮೀಟರ್ ಮೇಲಕ್ಕೆ ಎತ್ತಿರ್ತೀವಿ. ಅದರ ಮೂರನೇ ಒಂದು ಭಾಗದಷ್ಟು ಬಲ. ಹಾಗಾಗಿ ರೆಗ್ಯುಲೇಟರನ್ನು ‘ಹೀರಬೇಕು’ ಅನ್ನೋ ಭಾವನೆಯೇ ಬೇಡ. ಮಾಮೂಲಿ ಉಸಿರು ಸಾಕು.

ಎರಡನೆಯದು ಒಂದು ಪುಟ್ಟ ಲಿವರ್. ಅದರ ಪಕ್ಕ ಪ್ಲಸ್, ಮೈನಸ್ ಗುರುತು, ಅಥವಾ ‘ಡೈವ್’, ‘ಪ್ರೀ-ಡೈವ್’ ಅಂತ ಬರೆದಿರುತ್ತೆ. ಇದಕ್ಕೆ ವೆಂಚುರಿ ಲಿವರ್ ಅಂತಾರೆ. ಗಾಳಿ ಒಮ್ಮೆ ಹರಿಯೋಕೆ ಶುರುವಾದ ಮೇಲೆ ಅದರ ರಭಸವೇ ಡಬ್ಬಿಯೊಳಗೆ ಒತ್ತಡ ಇಳಿಸಿ ಹಾಳೆಯನ್ನು ಒಳಗೇ ಹಿಡಿದಿಡುತ್ತೆ. ಉಸಿರಿನ ಉಳಿದರ್ಧ ಸಲೀಸಾಗಿ ಬರೋದು ಅದರಿಂದಲೇ. ಆದರೆ ಇದೇ ಗುಣದಿಂದ, ರೆಗ್ಯುಲೇಟರ್ ಬಾಯಲ್ಲಿ ಇಲ್ಲದೆ ನೀರಿಗೆ ಬಿದ್ದರೆ ಗಾಳಿ ನಿಲ್ಲದೆ ನುಗ್ಗೋಕೆ ಶುರುವಾಗಬಹುದು. ಆಗ ಆ ಹರಿವನ್ನು ಮುರಿಯೋಕೆ ಲಿವರ್ ಮೈನಸ್‌ನಲ್ಲಿ ಇರಬೇಕು.

ಆದ್ದರಿಂದ ಕ್ರಮ ಸುಲಭ. ಬಾಯಿಗೆ ಇಡುವ ತನಕ ಲಿವರ್ ಮೈನಸ್, ನಾಬ್ ಬಿಗಿ. ನೀರಿಗೆ ಇಳಿದು ಕೆಳಗೆ ಹೋಗೋಕೆ ಶುರು ಮಾಡುವಾಗ ಲಿವರ್ ಪ್ಲಸ್. ಆಮೇಲೆ ನಾಬನ್ನು ನಿಧಾನಕ್ಕೆ ಸಡಿಲ ಮಾಡ್ತಾ ಹೋಗಿ. ಒಂದು ಹಂತದಲ್ಲಿ ನೀವು ಎಳೆಯದಿದ್ದರೂ ಸಣ್ಣಗೆ ಸುಯ್ ಅಂತ ಗಾಳಿ ಸೋರೋಕೆ ಶುರುವಾಗುತ್ತೆ. ಅಲ್ಲಿಂದ ಆ ಸದ್ದು ನಿಲ್ಲೋವರೆಗೆ ಮತ್ತೆ ಬಿಗಿ ಮಾಡಿ. ಅದೇ ನಿಮ್ಮ ಜಾಗ.

ಮುಂದೆ ಬದಲಿಸಬೇಕಾಗೋದು ಯಾವಾಗ? ತಲೆ ಕೆಳಗೆ ಮಾಡಿ ಬಂಡೆಯ ಸಂದಿ ನೋಡುವಾಗ ರೆಗ್ಯುಲೇಟರ್ ನಿಮ್ಮ ಶ್ವಾಸಕೋಶಕ್ಕಿಂತ ಆಳದಲ್ಲಿ ಇರುತ್ತೆ. ಹಾಳೆಯ ಮೇಲೆ ಒತ್ತಡ ಜಾಸ್ತಿ, ಗಾಳಿ ತಾನಾಗಿ ಸೋರಬಹುದು. ಚೂರು ಬಿಗಿ ಮಾಡಿ. ಎದುರು ಪ್ರವಾಹ ಜೋರಾಗಿ ಮುಖಕ್ಕೆ ಬಡಿಯುವಾಗಲೂ ಹಾಗೇ. ಆಳಕ್ಕೆ ಹೋದಂತೆ ಗಾಳಿ ದಟ್ಟ ಆಗುತ್ತೆ. 20 ಮೀಟರ್‌ನಲ್ಲಿ ಮೇಲಿನದಕ್ಕಿಂತ ಮೂರು ಪಟ್ಟು ದಟ್ಟ. ಎಳೆಯೋದು ಸ್ವಲ್ಪ ಭಾರ ಅನ್ನಿಸಿದರೆ ನಾಬ್ ಚೂರು ಸಡಿಲ ಮಾಡಿ.

ಇಲ್ಲೇ ಒಂದು ತಪ್ಪು ಕಲ್ಪನೆ ಬಿಡಿಸಿಬಿಡ್ತೀನಿ. ‘ನಾಬ್ ಬಿಗಿ ಮಾಡಿಟ್ಟರೆ ಗಾಳಿ ಉಳಿಯುತ್ತೆ, ಜಾಸ್ತಿ ಹೊತ್ತು ಕೆಳಗಿರಬಹುದು’ ಅಂತ ಕೆಲವರು ಸಲಹೆ ಕೊಡ್ತಾರೆ. ದಯವಿಟ್ಟು ಕೇಳಬೇಡಿ. ಬಿಗಿ ಮಾಡಿದರೆ ಪ್ರತಿ ಉಸಿರಿಗೂ ಎದೆಯ ಸ್ನಾಯುಗಳು ಹೆಚ್ಚು ದುಡೀಬೇಕು. ದುಡಿದಷ್ಟೂ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತೆ. ಅದು ಹೆಚ್ಚಿದಂತೆ ಇನ್ನೂ ಜೋರಾಗಿ ಉಸಿರಾಡಬೇಕು ಅನ್ನಿಸುತ್ತೆ. ಗಾಳಿ ಉಳಿಸೋಕೆ ಹೋಗಿ ಹೆಚ್ಚೇ ಖರ್ಚಾಗುತ್ತೆ, ಜೊತೆಗೆ ಗಾಬರಿಗೆ ಬಾಗಿಲು ತೆಗೆದ ಹಾಗಾಗುತ್ತೆ.

ದೋಣಿ ಮೇಲೆ ಎರಡು ನಿಮಿಷ

ನೀರಿನ ಅಡಿಯಲ್ಲಿ ಬರೋ ಎಷ್ಟೋ ತೊಂದರೆಗಳನ್ನು ದೋಣಿ ಮೇಲೇ ಹಿಡಿದುಬಿಡಬಹುದು. ತರಬೇತುದಾರರು ಎಲ್ಲ ಜೋಡಿಸಿ ಕೊಡ್ತಾರೆ, ನಿಜ. ಆದರೂ ಅದು ನಿಮ್ಮ ಬಾಯಿಗೆ ಹೋಗುವ ವಸ್ತು. ಕೇಳಿ, ನೋಡಿ, ಮುಟ್ಟಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಟ್ಯಾಂಕ್ ತೆರೆಯೋಕೆ ಮುಂಚೆ ಮೌತ್‌ಪೀಸ್ ಬಾಯಿಗಿಟ್ಟು ಮೆಲ್ಲಗೆ ಎಳೆದು ನೋಡಿ. ಗಾಳಿ ಬರಬಾರದು, ಹಾಳೆ ಒಳಕ್ಕೆ ಹೀರಿಕೊಂಡ ಹಾಗೆ ಬಿಗಿಯಾಗಬೇಕು. ಗಾಳಿ ಬಂತು ಅಂದರೆ ಡಯಾಫ್ರಮ್ಮೋ, ಉಸಿರು ಹೊರಹೋಗುವ ಮುಚ್ಚಳವೋ, ಮೌತ್‌ಪೀಸೋ ಎಲ್ಲೋ ಸೋರ್ತಿದೆ. ಇಲ್ಲಿ ಗಾಳಿ ಬರುವ ಜಾಗದಲ್ಲಿ ಕೆಳಗೆ ನೀರು ಬರುತ್ತೆ.

ಆಮೇಲೆ ಟ್ಯಾಂಕ್ ವಾಲ್ವನ್ನು ನಿಧಾನವಾಗಿ, ಪೂರ್ತಿ ತೆರೆಯಬೇಕು. ಗೇಜಿನ ಗಾಜು ಯಾರ ಮುಖದ ಕಡೆಗೂ ಇರಬಾರದು. ಸುಯ್ ಅನ್ನೋ ಸದ್ದು ಬಂದು ನಿಲ್ಲದಿದ್ದರೆ ಟ್ಯಾಂಕ್‌ಗೂ ರೆಗ್ಯುಲೇಟರ್‌ಗೂ ನಡುವೆ ಇರುವ ಓ-ರಿಂಗ್ ನೋಡಬೇಕು. ಕಡುಬಿನಷ್ಟೂ ದಪ್ಪ ಇಲ್ಲದ, ಬಳೆ ಆಕಾರದ ಆ ಸಣ್ಣ ರಬ್ಬರ್ ಹರಿದಿದ್ದರೆ ಡೈವ್ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಗೇಜಿನ ಮುಳ್ಳನ್ನು ನೋಡ್ತಾ ನಾಲ್ಕು ದೊಡ್ಡ ಉಸಿರು ತಗೊಳ್ಳಿ. ಮುಳ್ಳು 200ರ ಆಸುಪಾಸಿನಲ್ಲಿ ಅಲ್ಲಾಡದೆ ನಿಲ್ಲಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಕ್ಕೆ ಬಿದ್ದು ಮತ್ತೆ ಏರ್ತಿದ್ದರೆ ಟ್ಯಾಂಕ್ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಇದು ಮೋಸದ ತೊಂದರೆ, ಯಾಕೆಂದರೆ ಅರೆತೆರೆದ ವಾಲ್ವ್ ದೋಣಿ ಮೇಲೆ ಸಾಕಷ್ಟು ಗಾಳಿ ಕೊಡುತ್ತೆ; ಆಳಕ್ಕೆ ಹೋಗಿ ಹೆಚ್ಚು ಗಾಳಿ ಬೇಕಾದಾಗ ಕೈ ಕೊಡುತ್ತೆ.

ಗಾಳಿಯ ವಾಸನೆ ನೋಡಿ. ಒಳ್ಳೆ ಗಾಳಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಎಣ್ಣೆಯ, ಹೊಗೆಯ ವಾಸನೆ ಬಂದರೆ ಆ ಟ್ಯಾಂಕ್ ಬೇಡ ಅನ್ನಿ. ಕೊನೆಗೆ ಹಳದಿ ಬಣ್ಣದ ಇನ್ನೊಂದು ಸೆಕೆಂಡ್ ಸ್ಟೇಜ್ ಇರುತ್ತಲ್ಲ, ಆಕ್ಟೊಪಸ್ ಅಂತಾರೆ, ಅದರಿಂದಲೂ ಎರಡು ಉಸಿರು ತಗೊಳ್ಳಿ. ಅದು ಜೊತೆಗಾರರಿಗೆ ಗಾಳಿ ಮುಗಿದರೆ ಕೊಡೋಕೆ ಇರೋದು. ಬೇಕಾದ ಹೊತ್ತಿಗೆ ಅದು ಕೆಲಸ ಮಾಡುತ್ತೋ ಇಲ್ಲವೋ ಅಂತ ನೋಡೋ ಸಮಯ ಸಿಗಲ್ಲ.

‘ಗಾಳಿ ಸಾಲ್ತಿಲ್ಲ’ ಅನ್ನಿಸಿದಾಗ

ಸರಿ, ಇಳಿದಿದ್ದೀರಿ. ಐದು ಮೀಟರ್. ಉಸಿರು ಸಾಲ್ತಿಲ್ಲ ಅನ್ನಿಸ್ತಿದೆ. ಏನು ಮಾಡಬೇಕು?

ಮೊದಲು ನಿಲ್ಲಿ. ಕೈಕಾಲು ಆಡಿಸೋದು ನಿಲ್ಲಿಸಿ. ಅಂಗೈ ಚಪ್ಪಟೆ ಮಾಡಿ ಆಚೆ ಈಚೆ ಅಲ್ಲಾಡಿಸಿ. ‘ಏನೋ ತೊಂದರೆ’ ಅನ್ನೋದಕ್ಕೆ ಅದೇ ಸನ್ನೆ. ತರಬೇತುದಾರರು ಹತ್ತಿರ ಬರ್ತಾರೆ. ಈಗ ಗೇಜ್ ನೋಡಿ. ಉಸಿರೆಳೆದಾಗ ಮುಳ್ಳು ಬೀಳ್ತಿದೆಯಾ? ಹಾಗಾದರೆ ವಾಲ್ವ್‌ನ ತೊಂದರೆ, ಅವರು ಹಿಂದಿನಿಂದ ತೆರೀತಾರೆ. ಮುಳ್ಳು ಸ್ಥಿರವಾಗಿದೆ, ಆದರೆ ಎಳೆಯೋದು ಭಾರವಾಗಿದೆಯಾ? ನಾಬ್ ಬಿಗಿಯಾಗಿರಬಹುದು, ಸಡಿಲ ಮಾಡಿ. ಮುಳ್ಳೂ ಸ್ಥಿರ, ಗಾಳಿಯೂ ಸಲೀಸಾಗಿ ಬರ್ತಿದೆ, ಆದರೂ ಸಾಲ್ತಿಲ್ಲವಾ?

ಹಾಗಿದ್ದರೆ ತೊಂದರೆ ಇರೋದು ಉಸಿರು ಬಿಡೋದರಲ್ಲಿ. ಹೊಸಬರಲ್ಲಿ ಬಹುಪಾಲು ಆಗೋದು ಇದೇ. ಉಸಿರು ಕಟ್ಟಿದ ಹಾಗೆ ಅನ್ನಿಸೋದಕ್ಕೆ ಮುಖ್ಯ ಕಾರಣ ಆಕ್ಸಿಜನ್ ಕಮ್ಮಿ ಆಗಿದ್ದಲ್ಲ, ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿದ್ದು. ಭಯದಲ್ಲಿ ನಾವು ಎಳೀತೀವಿ, ಎಳೀತೀವಿ, ಮತ್ತೆ ಎಳೀತೀವಿ. ಪೂರ್ತಿ ಬಿಡೋದೇ ಇಲ್ಲ. ಎದೆ ಆಗಲೇ ತುಂಬಿದೆ, ಅದರ ಮೇಲೆ ಇನ್ನೆಷ್ಟು ತುಂಬೋದು? ರೆಗ್ಯುಲೇಟರ್ ಎಳೆದಷ್ಟು ಮಾತ್ರ ಕೊಡುವ ಯಂತ್ರ ಅಂತ ಹೇಳಿದ್ದೆನಲ್ಲ. ನೀವು ಚೂರು ಚೂರೇ ಎಳೆದರೆ ಅದೂ ಚೂರು ಚೂರೇ ಕೊಡುತ್ತೆ. ಆಗ ಅದು ಕೆಟ್ಟಿದೆ ಅನ್ನಿಸುತ್ತೆ, ಕೈ ಬಾಯಿಗೆ ಹೋಗುತ್ತೆ.

ಪರಿಹಾರ ಒಂದೇ. ಉದ್ದಕ್ಕೆ ಉಸಿರು ಬಿಡಿ. ಬಿಸಿ ಕಾಫಿ ಲೋಟದ ಮೇಲೆ ಊದುವಷ್ಟು ಮೆಲ್ಲಗೆ, ಗುಳ್ಳೆಯ ಸದ್ದು ಕೇಳಿಸ್ಕೊಳ್ತಾ, ಪೂರ್ತಿ ಖಾಲಿ ಆಗೋವರೆಗೆ. ಮುಂದಿನ ಉಸಿರು ತಾನಾಗಿ ಆಳವಾಗಿ ಬರುತ್ತೆ. ಇಂಥ ನಾಲ್ಕೈದು ಉಸಿರಿಗೆ ಎದೆ ಹಗುರ ಆಗುತ್ತೆ. ನಾಬ್ ತಿರುಗಿಸೋಕೆ ಮುಂಚೆ ಹೊಂದಿಸಬೇಕಾದ್ದು ಇದು.

ಗೇಜ್ ನೋಡುವ ಅಭ್ಯಾಸ ಯಾಕೆ ಬೇಕು ಅನ್ನೋದಕ್ಕೆ ಒಂದು ಲೆಕ್ಕ. 11 ಲೀಟರ್ ಟ್ಯಾಂಕ್, 200 ಬಾರ್ ಅಂದರೆ ಸುಮಾರು 2200 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ನೀರಿನ ಮೇಲೆ ಅದು 110 ನಿಮಿಷ ಬರುತ್ತೆ. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ಬೇಕು, ಆದ್ದರಿಂದ 55 ನಿಮಿಷ. 20 ಮೀಟರ್‌ನಲ್ಲಿ ಸುಮಾರು 36. ಅದರಲ್ಲೂ ಕೊನೆಯ 50 ಬಾರ್ ಮೀಸಲು, ಮುಟ್ಟೋ ಹಾಗಿಲ್ಲ. ಗಾಬರಿಯಲ್ಲಿ ಉಸಿರಾಟ ಎರಡು ಪಟ್ಟಾದರೆ ಈ ನಿಮಿಷಗಳೂ ಅರ್ಧ ಆಗ್ತವೆ.

ಜಾರಿದರೆ, ನೀರು ಬಂದರೆ, ಗಾಳಿ ನುಗ್ಗಿದರೆ

ಬಾಯಿಂದ ರೆಗ್ಯುಲೇಟರ್ ಜಾರಿದರೆ? ಮೊದಲ ಕೆಲಸ, ತುಟಿ ಚೂರು ತೆರೆದು ಸಣ್ಣಗೆ ಗುಳ್ಳೆ ಬಿಡ್ತಾ ಇರಿ. ಉಸಿರು ಹಿಡಿದಿಡಬಾರದು. ಸ್ಕೂಬಾದ ಮೊದಲ ನಿಯಮವೇ ಅದು. 10 ಮೀಟರ್‌ನಲ್ಲಿ ಎದೆ ತುಂಬಿಕೊಂಡ ಗಾಳಿ ನೀರಿನ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತೆ. ಹೊರಗೆ ಬಿಡದಿದ್ದರೆ ಶ್ವಾಸಕೋಶ ಹರಿಯಬಹುದು. ಗುಳ್ಳೆ ಬಿಡ್ತಾ, ಬಲಕ್ಕೆ ವಾಲಿ, ಬಲಗೈಯನ್ನು ತೊಡೆಯ ಪಕ್ಕದಿಂದ ಹಿಂದಕ್ಕೆ ಒಯ್ದು ದೊಡ್ಡ ಸುತ್ತಿನಲ್ಲಿ ಮುಂದಕ್ಕೆ ತನ್ನಿ. ಹೋಸ್ ಬಲ ಭುಜದ ಮೇಲಿಂದ ಬರೋದರಿಂದ ತೋಳಿಗೆ ಸಿಕ್ಕಿಹಾಕಿಕೊಳ್ಳುತ್ತೆ.

ಮತ್ತೆ ಬಾಯಿಗಿಟ್ಟಾಗ ಡಬ್ಬಿಯೊಳಗೆ ನೀರಿರುತ್ತೆ. ಎಳೆಯೋಕೆ ಮುಂಚೆ ಜೋರಾಗಿ ಒಮ್ಮೆ ಊದಿ, ನೀರು ಕೆಳಗಿನ ಮುಚ್ಚಳದಿಂದ ಹೊರಗೆ ಹೋಗುತ್ತೆ. ಊದೋಕೆ ಉಸಿರೇ ಉಳಿದಿಲ್ಲವಾ? ಮುಂಭಾಗದ ಪರ್ಜ್ ಬಟನ್ ಒತ್ತಿ. ಅದು ಹಾಳೆಯನ್ನು ಕೈಯಿಂದಲೇ ಒಳಕ್ಕೆ ತಳ್ಳುತ್ತೆ, ಟ್ಯಾಂಕಿನ ಗಾಳಿಯೇ ನೀರನ್ನು ಹೊರಗೆ ಹಾಕುತ್ತೆ. ಒತ್ತುವಾಗ ನಾಲಿಗೆಯನ್ನು ಮೌತ್‌ಪೀಸಿಗೆ ಅಡ್ಡ ಇಟ್ಕೊಳ್ಳಿ, ನೀರು ಗಂಟಲಿಗೆ ನುಗ್ಗಲ್ಲ. ಮೊದಲ ಉಸಿರು ಹುಷಾರಾಗಿ, ಬಿಸಿ ಸಾರು ಗುಟುಕರಿಸುವ ಹಾಗೆ.

ಊದಿದ ಮೇಲೂ ಪ್ರತಿ ಉಸಿರಿಗೆ ನೀರಿನ ತುಂತುರು ಬರ್ತಿದೆಯಾ? ಮೌತ್‌ಪೀಸ್ ಹರಿದಿರಬಹುದು, ಇಲ್ಲ ಕೆಳಗಿನ ಮುಚ್ಚಳದಲ್ಲಿ ಮರಳಿನ ಕಣ ಸಿಕ್ಕಿರಬಹುದು. ಒಂದೆರಡು ಸಲ ಪರ್ಜ್ ಮಾಡಿ. ನಿಲ್ಲದಿದ್ದರೆ ಸನ್ನೆ ಮಾಡಿ ಮೇಲೆ ಬರೋದೇ ಸರಿ.

ಇನ್ನು ಗಾಳಿ ನಿಲ್ಲದೆ ನುಗ್ಗೋದು, ಫ್ರೀ-ಫ್ಲೋ. ಸದ್ದು, ಗುಳ್ಳೆ ನೋಡಿದರೆ ಭಯ ಆಗುತ್ತೆ. ಆದರೆ ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಈ ವಾಲ್ವನ್ನು, ಕೆಟ್ಟರೆ ಗಾಳಿ ಬಿಟ್ಟುಕೊಂಡೇ ಇರುವ ಹಾಗೆ ಮಾಡಿರ್ತಾರೆ. ನೀರಿನ ಮೇಲೆ ಇದ್ದಾಗ ಹೀಗಾದರೆ ಮೌತ್‌ಪೀಸನ್ನು ಕೆಳಮುಖ ಮಾಡಿ ನೀರಲ್ಲಿ ಮುಳುಗಿಸಿ, ಲಿವರ್ ಮೈನಸ್‌ಗೆ ತನ್ನಿ, ನಾಬ್ ಬಿಗಿ ಮಾಡಿ. ಸಾಮಾನ್ಯವಾಗಿ ನಿಲ್ಲುತ್ತೆ. ಆಳದಲ್ಲಿ ಆಗಿ ನಿಲ್ಲದಿದ್ದರೆ, ಮೌತ್‌ಪೀಸನ್ನು ತುಟಿಗೆ ಅರ್ಧ ತಾಗಿಸಿ, ಹೆಚ್ಚಿನ ಗಾಳಿ ಪಕ್ಕದಿಂದ ಹೋಗೋಕೆ ಬಿಟ್ಟು, ಬೇಕಾದಷ್ಟನ್ನು ಗುಟುಕರಿಸಬೇಕು. ಟ್ಯಾಂಕ್ ಬೇಗ ಖಾಲಿ ಆಗೋದರಿಂದ ಜೊತೆಗಾರರ ಆಕ್ಟೊಪಸ್ ತಗೊಂಡು ಇಬ್ಬರೂ ಒಟ್ಟಿಗೆ, ನಿಧಾನವಾಗಿ ಮೇಲೆ ಬರಬೇಕು. ಇವೆಲ್ಲವನ್ನೂ ಈಜುಕೊಳದಲ್ಲಿ, ತರಬೇತುದಾರರ ಎದುರು ಮಾಡಿ ಕಲೀಬೇಕು. ಕೇಳಿದ್ದು ಕಿವಿಯಲ್ಲಿ ಇರುತ್ತೆ, ಮಾಡಿದ್ದು ಮಾತ್ರ ಕೈಗೆ ಬರುತ್ತೆ.

ದಡಕ್ಕೆ ಬಂದ ಮೇಲೆ

ಸ್ವಂತ ರೆಗ್ಯುಲೇಟರ್ ಕೊಂಡವರಿಗೆ, ಕೊಳ್ಳೋ ಯೋಚನೆಯಲ್ಲಿ ಇರುವವರಿಗೆ ನಾಲ್ಕು ಮಾತು.

ಉಪ್ಪುನೀರು ಒಣಗಿದರೆ ಹರಳಾಗುತ್ತೆ, ಆ ಹರಳು ರಬ್ಬರನ್ನೂ ವಾಲ್ವನ್ನೂ ತಿನ್ನುತ್ತೆ. ಆದ್ದರಿಂದ ಅದೇ ದಿನ ಸಿಹಿನೀರಲ್ಲಿ ನೆನೆಸಿ ತೊಳೀಬೇಕು. ಅದಕ್ಕೆ ಮುಂಚೆ ಫಸ್ಟ್ ಸ್ಟೇಜ್‌ನ ಮುಚ್ಚಳವನ್ನು ಒಣಗಿಸಿ ಗಟ್ಟಿಯಾಗಿ ಹಾಕಿ. ನೀರಲ್ಲಿರುವಾಗ ಪರ್ಜ್ ಬಟನ್ ಮುಟ್ಟಬೇಡಿ. ಒತ್ತಿದರೆ ವಾಲ್ವ್ ತೆರೆದು, ಗಾಳಿಯ ಒತ್ತಡ ಇಲ್ಲದ ಹೋಸ್ ಮೂಲಕ ನೀರು ಫಸ್ಟ್ ಸ್ಟೇಜ್‌ವರೆಗೂ ಹೋಗುತ್ತೆ. ಆಮೇಲೆ ನೆರಳಲ್ಲಿ ನೇತುಹಾಕಿ.

ಟ್ಯಾಂಕಿಗೆ ಜೋಡಿಸಿ ಸುಮ್ಮನೆ ಇಟ್ಟಾಗ ಒಂದೆರಡು ನಿಮಿಷಕ್ಕೆ ಸೆಕೆಂಡ್ ಸ್ಟೇಜ್ ಸಣ್ಣಗೆ ಸುಯ್ ಅನ್ನೋಕೆ ಶುರು ಮಾಡಿದರೆ, ನಾಬ್ ಬಿಗಿ ಮಾಡಿ ಸದ್ದು ಅಡಗಿಸಬೇಡಿ. ಫಸ್ಟ್ ಸ್ಟೇಜ್‌ನ ಒಳಗಿನ ವಾಲ್ವ್ ಸವೆದು, ಹೋಸ್‌ನಲ್ಲಿ ಒತ್ತಡ ಮೆಲ್ಲಗೆ ಏರ್ತಿರಬಹುದು. ಅದು ಸರ್ವಿಸ್‌ಗೆ ಹೋಗಬೇಕಾದ ಕಾಯಿಲೆ. ಒಳಗಿನ ಲಿವರ್‌ನ ಎತ್ತರ, ಹೋಸ್‌ನ ಒತ್ತಡ, ವಾಲ್ವ್ ಕೂರುವ ಜಾಗ ಇವನ್ನೆಲ್ಲ ಗೇಜ್ ಇಟ್ಟು ಅಳೆದು ಹೊಂದಿಸಬೇಕು. ತರಬೇತಿ ಪಡೆದ ತಂತ್ರಜ್ಞರ ಕೆಲಸ. ವಿಡಿಯೊ ನೋಡಿ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯೋ ಜಾಗ ಅಲ್ಲ. ತಯಾರಕರು ವರ್ಷಕ್ಕೋ ಎರಡು ವರ್ಷಕ್ಕೋ ಸರ್ವಿಸ್ ಹೇಳಿರ್ತಾರೆ. ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಸಿಕ್ತು ಅಂತ ಖುಷಿ ಪಡೋಕೆ ಮುಂಚೆ ಕೊನೆಯ ಸರ್ವಿಸ್ ಯಾವಾಗ ಆಯ್ತು ಅಂತ ಕೇಳಿ.

ಇಷ್ಟು ಹೇಳಿ ಮುಗಿಸ್ತೀನಿ. ನೇತ್ರಾಣಿಗೆ ಹೋಗೋ ಗೆಳೆಯರ ಗುಂಪಲ್ಲಿ ಒಬ್ಬರಾದರೂ ಭಯಪಡುವವರು ಇದ್ದೇ ಇರ್ತಾರೆ, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ಅವರಿಗೆ ಇದನ್ನು ಕಳಿಸಿ. ದೋಣಿ ಮೇಲೆ ಗೇಜ್ ನೋಡ್ತಾ ನಾಲ್ಕು ಉಸಿರು, ಕೆಳಗೆ ಹೋದಾಗ ಉದ್ದಕ್ಕೆ ಬಿಡುವ ಉಸಿರು, ಇವೆರಡು ನೆನಪಿದ್ದರೂ ಸಾಕು ಅಂತ ಹೇಳಿ.